ನೂರು ಕಿಲೋವ್ಯಾಟಿನ ಗೆರೆ
ದಿನಚರಿಯ ಪುಟಗಳು, ಚಿಕ್ಕಲಸಂದ್ರ, 2024

ಏಪ್ರಿಲ್ 9, ಮಂಗಳವಾರ, ಯುಗಾದಿ

ಹಬ್ಬದ ದಿನ ಒಳ್ಳೆಯದೆಂದು ಹೊಸ ಕಟ್ಟಡದ ನಕ್ಷೆಯ ಮಾತಿಗೆ ಅದನ್ನು ಕಟ್ಟಿಸುವ ಯಜಮಾನರು ಇಂದೇ ಬಂದರು. ಉತ್ತರಹಳ್ಳಿ ಮುಖ್ಯರಸ್ತೆಗೆ ಹತ್ತಿರ, ನಲವತ್ತು-ಅರವತ್ತರ ನಿವೇಶನ, ಪಶ್ಚಿಮಕ್ಕೆ ಮುಖ. ಕೆಳಗೆ ಅಂಗಡಿ, ಮೇಲಿನ ಮೂರು ಮಹಡಿ ಆಫೀಸುಗಳಿಗೆ ಬಾಡಿಗೆ. ಅತ್ತೆ ಕೊಟ್ಟ ಒಬ್ಬಟ್ಟು ತಿನ್ನುತ್ತಲೇ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಹೊರವರ್ತುಲ ರಸ್ತೆಯ ಯಾವುದೋ ಟೆಕ್ ಪಾರ್ಕಿನ ನೀಲಿ ಗಾಜಿನ ಮುಖ.

"ಮೇಡಂ, ಮುಂದೆ ಪೂರ್ತಿ ಗ್ಲಾಸ್ ಬರ್ಲಿ. ಗ್ಲಾಸಿದ್ರೆ ಬಾಡಿಗೆ ಜಾಸ್ತಿ, ಬೇಗನೂ ಹೋಗುತ್ತೆ."

"ಎಸಿ ಯಾರು ಹಾಕಿಸ್ತಾರೆ ಸರ್?"

"ಅದು ಬಾಡಿಗೆಯವರು ನೋಡ್ಕೋತಾರೆ."

"ಕರೆಂಟ್ ಬಿಲ್ಲು?"

"ಅದೂ ಅವರದ್ದೇ."

ಈ ಎರಡು ಉತ್ತರಗಳನ್ನು ಹಾಗೆಯೇ ಬರೆದಿಡುತ್ತಿದ್ದೇನೆ. ನಮ್ಮ ಬೀದಿಗಳ ವಾಣಿಜ್ಯ ಕಟ್ಟಡಗಳು ಹೀಗೇಕೆ ಇವೆ ಎಂಬುದಕ್ಕೆ ಕಾರಣ ಇಲ್ಲೇ ಇದೆ. ಗಾಜು ಆರಿಸುವವರು ಒಬ್ಬರು, ಆ ಗಾಜಿನೊಳಗೆ ಬರುವ ಬಿಸಿಲಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟುವವರು ಇನ್ನೊಬ್ಬರು.

ಏಪ್ರಿಲ್ 12, ಶುಕ್ರವಾರ

ರಾತ್ರಿ ಇಸಿಬಿಸಿ ಪುಸ್ತಕವನ್ನು ಮತ್ತೆ ತೆಗೆದೆ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ. 2001ರ ಇಂಧನ ಸಂರಕ್ಷಣಾ ಕಾಯ್ದೆ, ಮರುವರ್ಷ ದಿಲ್ಲಿಯಲ್ಲಿ ಇಂಧನ ದಕ್ಷತಾ ಬ್ಯೂರೊ, 2007ರಲ್ಲಿ ಮೊದಲ ಸಂಹಿತೆ, 2017ರಲ್ಲಿ ಪರಿಷ್ಕರಣೆ. ಕರ್ನಾಟಕದಲ್ಲಿ ಕಾಯ್ದೆಯ ಕೆಲಸ ನೋಡುವ ನಿಯೋಜಿತ ಸಂಸ್ಥೆ ಕ್ರೆಡಲ್.

ಸಂಹಿತೆ ದೇಶವನ್ನು ಐದು ಹವಾಗುಣ ವಲಯಗಳಾಗಿ ವಿಂಗಡಿಸಿ ಬೆಂಗಳೂರನ್ನು ಸಮಶೀತೋಷ್ಣ ವಲಯದಲ್ಲಿ ಇಟ್ಟಿದೆ. ನೇರವಾಗಿ ನಿಯಮ ಪಾಲಿಸುವ ದಾರಿಯಲ್ಲಿ ಹೋದರೆ ಗಾಜು ಗೋಡೆಯ ಒಟ್ಟು ವಿಸ್ತೀರ್ಣದ ಶೇಕಡ 40 ಮೀರಬಾರದು. ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ 0.27 ಪಾಲಿಗಿಂತ ಹೆಚ್ಚನ್ನು ಗಾಜು ಒಳಗೆ ಬಿಡಬಾರದು. ಹಾಗೆಂದು ಕಪ್ಪು ಗಾಜು ಹಾಕಿ ಹಗಲಲ್ಲೂ ಲೈಟು ಉರಿಸುವಂತಿಲ್ಲ, ಬೆಳಕಿನ 0.27 ಪಾಲಾದರೂ ಒಳಗೆ ಬರಲೇಬೇಕು. ಸಜ್ಜಾ ಅಥವಾ ಗೋಡೆಯಿಂದ ಹೊರಚಾಚಿ ನಿಂತ ಫಿನ್‌ಗಳಿಂದ ನೆರಳು ಕೊಟ್ಟರೆ ಗಾಜಿನ ವಿಷಯದಲ್ಲಿ ರಿಯಾಯಿತಿ ಇದೆ. ಆಫೀಸು ಕಟ್ಟಡದ ದೀಪಗಳಿಗೆ ಚದರ ಮೀಟರಿಗೆ 9.5 ವ್ಯಾಟ್ ಮಿತಿ. ಇಷ್ಟನ್ನು ಪಾಲಿಸಿದ ಕಟ್ಟಡ ಮಾಮೂಲಿ ಕಟ್ಟಡಕ್ಕಿಂತ ಕನಿಷ್ಠ ಶೇಕಡ 25 ಕಡಿಮೆ ವಿದ್ಯುತ್ ಬಳಸುತ್ತದೆ ಎಂಬುದು ಲೆಕ್ಕ. ಇದರ ಮೇಲಿನ ಎರಡು ದರ್ಜೆಗಳಿಗೆ ಶೇಕಡ 35 ಮತ್ತು 50.

ಓದುತ್ತಾ ಹೋದಂತೆ ಖುಷಿಯಾಗುತ್ತದೆ. ಆಮೇಲೆ ಅನ್ವಯದ ಸಾಲು ಬರುತ್ತದೆ: 100 ಕಿಲೋವ್ಯಾಟ್ ವಿದ್ಯುತ್ ಲೋಡು ಅಥವಾ 120 ಕೆವಿಎ ಬೇಡಿಕೆ, ಅದರಿಂದ ಮೇಲಕ್ಕೆ. ನಮ್ಮ ಕಟ್ಟಡಕ್ಕೆ ಕೇಳಲಿರುವುದು ಅರವತ್ತು ಕಿಲೋವ್ಯಾಟಿನ ಆಸುಪಾಸು. ಹಾಗಾಗಿ ಈ ಪುಸ್ತಕದ ಒಂದಕ್ಷರವೂ ಅದಕ್ಕೆ ಲಾಗೂ ಆಗುವುದಿಲ್ಲ. ಕದಿರೇನಹಳ್ಳಿಯಿಂದ ಉತ್ತರಹಳ್ಳಿಯವರೆಗೆ ಎದ್ದಿರುವ ಕೋಚಿಂಗ್ ಸೆಂಟರು, ಕ್ಲಿನಿಕ್ಕು, ಲ್ಯಾಬು, ಬಟ್ಟೆ ಅಂಗಡಿಗಳ ಮೂರು-ನಾಲ್ಕು ಮಹಡಿಯ ಕಟ್ಟಡಗಳಲ್ಲಿ ಹೆಚ್ಚಿನವು ಗೆರೆಯ ಕೆಳಗೇ ಇರುವಂಥವು. ದೊಡ್ಡ ಟೆಕ್ ಪಾರ್ಕಿಗೆ ಎಂಜಿನಿಯರು, ಸಲಹೆಗಾರರು, ಕಂಪ್ಯೂಟರ್ ಲೆಕ್ಕ ಎಲ್ಲವೂ ಉಂಟು. ಅದನ್ನು ನೋಡಿ ಕಟ್ಟುವ ನಮ್ಮ ಬೀದಿಯ ಕಟ್ಟಡಕ್ಕೆ ಅಲ್ಲಿನ ಗಾಜಿನ ಬಣ್ಣ ಬಂತು, ಆ ಗಾಜಿನ ಹಿಂದಿನ ಲೆಕ್ಕ ಬರಲಿಲ್ಲ.

ಏಪ್ರಿಲ್ 17, ಬುಧವಾರ, ರಾಮನವಮಿ

ದೇವಸ್ಥಾನದಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ. ಬರುವಾಗ ನಮ್ಮ ದಂತವೈದ್ಯರ ಕ್ಲಿನಿಕ್ಕಿಗೆ ಹೋದೆ. ಪಶ್ಚಿಮಕ್ಕೆ ಪೂರ್ತಿ ಗಾಜಿರುವ ಕಟ್ಟಡದ ಎರಡನೇ ಮಹಡಿ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಹಿಡಿದದ್ದು. ಗಾಜಿನ ಒಳಮೈಗೆಲ್ಲ ಫ್ಲೆಕ್ಸ್ ಅಂಟಿಸಿದ್ದಾರೆ. ನಾಲ್ಕು ಗಂಟೆ ಬಿಸಿಲಿಗೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಲು ಆಗುವುದಿಲ್ಲವಂತೆ. ಫ್ಲೆಕ್ಸ್‌ನಿಂದ ಬೆಳಕು ಹೋಯಿತು, ಹಗಲಿಡೀ ಟ್ಯೂಬ್‌ಲೈಟ್. ತೆರೆಯುವ ಕಿಟಕಿ ಒಂದೂ ಇಲ್ಲ, ಆದ್ದರಿಂದ ಡಿಸೆಂಬರಿನಲ್ಲೂ ಎಸಿ.

"ಎಸಿ ಹದಿನೆಂಟಕ್ಕೆ ಇಟ್ರೂ ಬೆನ್ನು ಸುಡತ್ತೆ ರೀ," ಎಂದರು. ಸುಡಲೇಬೇಕು. ಎಸಿ ತಣ್ಣಗೆ ಮಾಡುವುದು ಕೋಣೆಯ ಗಾಳಿಯನ್ನು. ಕಾದ ಗಾಜಿನಿಂದ ಮೈಗೆ ನೇರವಾಗಿ ಹೊಮ್ಮುವ ಝಳ ಬೇರೆ, ಗಾಳಿ ತಣ್ಣಗಿದ್ದರೂ ಅದು ನಿಲ್ಲುವುದಿಲ್ಲ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳೆಲ್ಲ ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ಬ್ಯೂರೊ ನಿಯಮ ತಂದಿದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6 ಉಳಿತಾಯ ಎನ್ನುತ್ತಾರೆ. ಒಳ್ಳೆಯ ನಿಯಮವೇ. ಆದರೆ ಇಂಥ ಗೋಡೆಯ ಹಿಂದೆ ಕೂತವರು ಇಪ್ಪತ್ನಾಲ್ಕರಲ್ಲಿ ಬದುಕುವುದು ಹೇಗೆ? ಯಂತ್ರಕ್ಕೆ ನಿಯಮ ಮಾಡುವ ಮೊದಲು ಗೋಡೆಗೆ ಮಾಡಬೇಕಿತ್ತು.

ಏಪ್ರಿಲ್ 20, ಶನಿವಾರ

ವಾಸ್ತುಶಿಲ್ಪ ಓದುವ ಕಾಲದಲ್ಲಿ ಮೇಷ್ಟ್ರು ನಮ್ಮನ್ನು ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಇಂದು ಹಳೆಯ ನೋಟ್‌ಬುಕ್ಕಿನಲ್ಲಿ ಅದರ ಸ್ಕೆಚ್ ಸಿಕ್ಕಿತು. ಸಂಜಯ್ ಮೋಹೆ ವಿನ್ಯಾಸ ಮಾಡಿದ ಕಟ್ಟಡ. ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿ. ಹಾಗಾಗಿ ಆ ಬದಿ ಮುಚ್ಚಿದ ಗೋಡೆ, ಹೊರಗಡೆ ಕಪ್ಪು ಕಡಪ ಕಲ್ಲು, ಒಳಗೆ ಟೊಳ್ಳು ಜಾಗ. ಬಿಸಿಲಿಗೆ ಕಲ್ಲು ಕಾಯುತ್ತದೆ, ಟೊಳ್ಳಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಎಳೆತಕ್ಕೆ ಉತ್ತರದಿಂದ ತಂಪು ಗಾಳಿ ಕಚೇರಿಯನ್ನು ಹಾದು ಬರುತ್ತದೆ. ಬಿಸಿಲಿನಿಂದಲೇ ಗಾಳಿ ಆಡಿಸುವ ಉಪಾಯ. ಬೆಳಕೂ ಉತ್ತರದ್ದೇ.

ಈ ಊರಿಗೆ ಇದು ಹೊಸ ವಿದ್ಯೆಯಲ್ಲ. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಇಲ್ಲಿನ ಬಿಸಿಲು, ಗಾಳಿಯನ್ನು ಗಮನಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕಟ್ಟಡಗಳನ್ನು ಮಾಡಿದವರು. ಮುಂದೆ ಉಷ್ಣವಲಯದ ಕಟ್ಟಡಗಳ ಬಗ್ಗೆ ಅವರು ಸಂಗಡಿಗರೊಂದಿಗೆ ಬರೆದ ಕೈಪಿಡಿಯನ್ನೇ ನಾವೆಲ್ಲ ಓದಿದ್ದು. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಬಿ.ವಿ. ದೋಶಿಯವರು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದನೆಯ ಓಣಿಗಳಿಂದ ನೆರಳು ಮಾಡಿದ್ದಾರೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಊರಿದು. ವರ್ಷದ ಬಹುಪಾಲು ದಿನ ನೆರಳು ಮತ್ತು ಬೀಸುಗಾಳಿ ಇದ್ದರೆ ಸಾಕು. ಆ ಭಾಗ್ಯವನ್ನು ಮುಚ್ಚಿದ ಗಾಜಿನಾಚೆ ಬಿಟ್ಟು ತಂಪನ್ನು ವಿದ್ಯುತ್ ಕಂಪನಿ ಬೆಸ್ಕಾಂನಿಂದ ಕೊಳ್ಳುತ್ತಿದ್ದೇವೆ.

ಏಪ್ರಿಲ್ 24, ಬುಧವಾರ

ಶೂನ್ಯ ನೆರಳಿನ ದಿನ. ಹನ್ನೆರಡೂ ಕಾಲು ದಾಟಿದ ಮೇಲೆ ಮಗಳು ತಾರಸಿಯಲ್ಲಿ ನೀರಿನ ಬಾಟಲಿ ನಿಲ್ಲಿಸಿ ನೆರಳು ಬುಡದಲ್ಲೇ ಅಡಗಿದ್ದನ್ನು ತೋರಿಸಿದಳು. ಇನ್ನು ಆಗಸ್ಟ್ 18ರವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಉತ್ತರದ ಗೋಡೆಗೂ ಬಿಸಿಲು ಉಂಟು.

ಸಂಹಿತೆ ಬರೆದವರಿಗೆ ಇದು ಗೊತ್ತಿತ್ತು. ಉತ್ತರದ ಕಿಟಕಿಗೆ 15 ಡಿಗ್ರಿ ಅಕ್ಷಾಂಶದಲ್ಲೂ ಅದರ ಮೇಲೂ 0.50 ಪಾಲಿನವರೆಗೆ ಶಾಖ ಬಿಡುವ ಗಾಜು ಸಾಕು, ಅದರ ಕೆಳಗಿನ ಊರುಗಳಿಗೆ ಉತ್ತರಕ್ಕೂ 0.27. ಆ ಅಕ್ಷಾಂಶ ನಮ್ಮ ರಾಜ್ಯದ ನಡುವೆಯೇ ಹಾದುಹೋಗಿದೆ: ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಆಚೆ, ದಾವಣಗೆರೆ, ಶಿವಮೊಗ್ಗ, ಬೆಂಗಳೂರು, ಮೈಸೂರು ಈಚೆ. ಇಷ್ಟು ಸೂಕ್ಷ್ಮವಾಗಿ ಸೂರ್ಯನನ್ನು ಗಮನಿಸಿದ ನಿಯಮ, ಮಗಳು ಬಾಟಲಿ ಇಟ್ಟ ತಾರಸಿಯಿಂದ ಕಾಣುವ ಗಾಜಿನ ಕಟ್ಟಡಗಳವರೆಗೆ ಬರುವುದಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಸೂರ್ಯ ಲೋಡು ನೋಡಿ ಬರುವುದಿಲ್ಲ.

ಏಪ್ರಿಲ್ 28, ಭಾನುವಾರ

ಇಂದು ಊರಿನಲ್ಲಿ 38.5 ಡಿಗ್ರಿ ದಾಖಲಾಗಿದೆ. 2016ರ ಏಪ್ರಿಲಿನಲ್ಲಿ 39.2 ಆಗಿತ್ತು. ತಿಂಗಳಿಡೀ ಮಳೆಯಿಲ್ಲ. ಇಂಥ ದಿನವೇ ಯಜಮಾನರೂ ಮೇಸ್ತ್ರಿಯೂ ಎರಡನೇ ಮಾತುಕತೆಗೆ ಬಂದರು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ.

ಮುಂದಿನ ಮುಖ 100 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಸಂಜೆಯ ಬಿಸಿಲು ಚದರ ಮೀಟರಿಗೆ 600 ವ್ಯಾಟ್. ಪೂರ್ತಿ ಗಾಜು, ಅದೂ ಸಾಮಾನ್ಯ ಟಿಂಟೆಡ್ ಗಾಜಾದರೆ ಸುಮಾರು 0.6 ಪಾಲು ಶಾಖ ಒಳಗೆ. ಅಂದರೆ 36 ಕಿಲೋವ್ಯಾಟ್. ಒಂದು ಟನ್ ಎಸಿ ಹೊರಹಾಕುವುದು 3.5 ಕಿಲೋವ್ಯಾಟ್ ಶಾಖ, ಆದ್ದರಿಂದ ಈ ಒಂದು ಮುಖಕ್ಕೇ ಹತ್ತು ಟನ್. ಅದೇ 40 ಚದರ ಮೀಟರ್ ಗಾಜು, 0.27ರದ್ದು ಹಾಕಿದರೆ ಆರೂವರೆ ಕಿಲೋವ್ಯಾಟಿನೊಳಗೆ, ಎರಡು ಟನ್‌ಗೂ ಕಡಿಮೆ. ಗೋಡೆಯ ಮೂಲಕ ಬರುವ ಶಾಖ ಬೇರೆ, ಆದರೆ ಅದು ಗಾಜಿನಷ್ಟಿಲ್ಲ.

"ಬಿಲ್ಲು ಬಾಡಿಗೆಯವರದ್ದಲ್ವಾ ಮೇಡಂ," ಎಂದರು ಮತ್ತೆ.

"ಬಿಲ್ಲು ಅವರದ್ದು ಸರ್. ಲೋಡು ಯಾರದ್ದು? ಬೆಸ್ಕಾಂ ಠೇವಣಿ, ಕೇಬಲ್ಲು, ಪ್ಯಾನೆಲ್ಲು, ಜನರೇಟರು? ಎಂಟು ಟನ್ ಕಮ್ಮಿಯಾದ್ರೆ ಇವೆಲ್ಲ ಚಿಕ್ಕದಾಗುತ್ತೆ. ಸ್ಟ್ರಕ್ಚರಲ್ ಗ್ಲೇಜಿಂಗ್‌ಗೆ ಚದರಡಿಗೆ ಎಷ್ಟು, ಬ್ಲಾಕ್ ಗೋಡೆಗೆ ಎಷ್ಟು, ಮೇಸ್ತ್ರಿಯವ್ರನ್ನೇ ಕೇಳಿ."

ಮೇಸ್ತ್ರಿ ತಲೆಯಾಡಿಸಿದರು. "ಅಕ್ಕ ಹೇಳೋದು ದಿಟ. ಸಂಜೆ ಬಿಸಿಲು ಓರೆಯಾಗಿ ಬೀಳುತ್ತೆ, ಬರೀ ಸಜ್ಜಾ ಸಾಲಲ್ಲ, ನಿಂತಿರೋ ಫಿನ್ ಬೇಕು. ಹಾಕ್ಕೊಡ್ತೀನಿ."

ಯಜಮಾನರು ಬಹಳ ಹೊತ್ತು ಕಾಗದ ನೋಡಿದರು. ತಮ್ಮ ಕಟ್ಟಡ ಪಕ್ಕದವರ ಮುಂದೆ ಹಳೆಯದಾಗಿ ಕಾಣಬಾರದು ಎಂಬ ಆಸೆ ಅವರದು, ಜೀವಮಾನದ ಗಳಿಕೆ ಹಾಕುವವರಿಗೆ ಅದು ಸಹಜ. ಚೆಂದ ಕಾಣುವಂತೆ ಮಾಡುವುದು ನನ್ನ ಹೊಣೆ ಎಂದೆ, ಮನಸಾರೆ.

ಮೇ 8, ಬುಧವಾರ

ಈ ವಾರ ಮಳೆ ಬಂತು. ನಕ್ಷೆಗೆ ಒಪ್ಪಿಗೆಯೂ ಬಂತು. ಮೆಟ್ಟಿಲಿನ ಭಾಗದಲ್ಲಷ್ಟೇ ಉದ್ದ ಗಾಜು, ಆಫೀಸುಗಳಿಗೆ ಫಿನ್‌ಗಳ ನಡುವೆ ತೆರೆಯುವ ಕಿಟಕಿ, ಹಿಂಬದಿಯಲ್ಲೂ ಕಿಟಕಿ, ಗಾಳಿ ಹಾದುಹೋಗಲಿ. ತಾರಸಿಗೆ ಬಿಳಿ ಲೇಪನ. ಒಂದು ಕಟ್ಟಡ ಸರಿಹೋಯಿತು.

ಆದರೆ ಒಬ್ಬೊಬ್ಬ ಯಜಮಾನರನ್ನು ಕೂರಿಸಿಕೊಂಡು ಊರನ್ನು ಸರಿಮಾಡಲಾಗುವುದಿಲ್ಲ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಜನವರಿ 1ರಿಂದ ಜಾರಿಯಲ್ಲಿದೆ. ರಾಜ್ಯ ಸರ್ಕಾರ ಬೇಕೆಂದರೆ 100 ಕಿಲೋವ್ಯಾಟಿನ ಗೆರೆಯನ್ನು ಕೆಳಗಿಳಿಸಬಹುದು. ಇಂಧನ ಇಲಾಖೆಗೂ ಕ್ರೆಡಲ್‌ಗೂ ಮನವಿ ಬರೆಯಲು ಕೂತಿದ್ದೇನೆ. ಮೊದಲನೆಯದು, ಬೆಂಗಳೂರಿನ ವಾಣಿಜ್ಯ ಕಟ್ಟಡಗಳಿಗೆ ಗೆರೆ ಇಳಿಸಿ. ಎರಡನೆಯದು, ಗೆರೆಯ ಕೆಳಗೆ ಉಳಿದವಕ್ಕೆ ಸಲಹೆಗಾರರಿಲ್ಲದೆ ಮೇಸ್ತ್ರಿಯೇ ಓದಿ ಮಾಡಬಲ್ಲ ಒಂದು ಪುಟದ ನಿಯಮ ಕೊಡಿ, ಕನ್ನಡದಲ್ಲಿ: ಪಶ್ಚಿಮದ ಗಾಜಿಗೆ ನೆರಳು, ಪ್ರತಿ ಕೋಣೆಗೂ ತೆರೆಯುವ ಕಿಟಕಿ, ಗಾಜಿಗೆ ಮಿತಿ. ಮೂರನೆಯದು, ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಹಿಂದಿನ ವರ್ಷದ ಕರೆಂಟ್ ಬಿಲ್ಲುಗಳನ್ನು ಬಾಡಿಗೆದಾರರಿಗೆ ತೋರಿಸುವುದು ಕಡ್ಡಾಯವಾಗಲಿ.

ಆಗದ ಕೆಲಸವೇನಲ್ಲ. ಸೋಲಾರ್ ವಾಟರ್ ಹೀಟರನ್ನು ವಿದ್ಯುತ್ ಸಂಪರ್ಕದ ಅರ್ಜಿಯ ಜೊತೆ ಕಟ್ಟಿಹಾಕಿದ್ದರಿಂದಲೇ ಅದು ಈ ಊರಿನ ಸಣ್ಣ ಮನೆಗಳ ತಾರಸಿಗೂ ಬಂತು. ನೆರಳಿನ ನಿಯಮವನ್ನೂ ಅದೇ ಅರ್ಜಿಗೆ ಸೇರಿಸಿದರೆ, ಎಷ್ಟೇ ಚಿಕ್ಕ ಕಟ್ಟಡವಾದರೂ ಬೆಸ್ಕಾಂ ಕಚೇರಿಯ ಬಾಗಿಲಲ್ಲಿ ಅದನ್ನು ಎದುರಿಸಲೇಬೇಕು. ಮನವಿಯನ್ನು ಆ ಮಾತಿನಿಂದಲೇ ಶುರುಮಾಡುತ್ತೇನೆ, ದಂತವೈದ್ಯರ ಸಹಿಯನ್ನೂ ಯಜಮಾನರ ಸಹಿಯನ್ನೂ ಒಟ್ಟಿಗೆ ಹಾಕಿಸುತ್ತೇನೆ. ಗಾಜು ಆರಿಸುವವರೂ ಬಿಲ್ಲು ಕಟ್ಟುವವರೂ ಒಂದೇ ಕಾಗದದ ಮೇಲೆ ಕೇಳಿದರೆ ಸರ್ಕಾರಕ್ಕೆ ಇಲ್ಲವೆನ್ನಲು ಕಾರಣ ಉಳಿಯುವುದಿಲ್ಲ.