ಸಂಗಮದ ಹಾದಿಯಲ್ಲಿ ಇಬ್ಬರು

ಜೇವರ್ಗಿಯ ದಂಪತಿಗಳಿಬ್ಬರು ರಜೆಯ ಕಾಲ್ನಡಿಗೆಗೆ ಆರಿಸಿಕೊಂಡದ್ದು ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು. ದತ್ತಾವತಾರಿಗಳೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು 15ನೆಯ ಶತಮಾನದಲ್ಲಿ ನೆಲಸಿದ್ದ ಊರಿದು.

ಗುಡಿಯಿಂದ ಸಂಗಮಕ್ಕೆ ಸುಮಾರು 3 ಕಿ.ಮೀ. ಆಟೋದವರು ಕೂಗಿ ಕರೆದರೂ ಅವರು ಹತ್ತಲಿಲ್ಲ. ಎರೆಹೊಲಗಳ ನಡುವಣ ಆ ಹಾದಿಯನ್ನು ನಡೆದೇ ನೋಡಬೇಕು! ಆಳಂದದ ಕಡೆಯಿಂದ ಬರುವ ಅಮರಜೆ ಇಲ್ಲಿ ಭೀಮೆಯನ್ನು ಕೂಡುತ್ತಾಳೆ. ದಡದಲ್ಲಿ ಔದುಂಬರದ ನೆರಳು, ಅದರಡಿ ಗುರುಚರಿತ್ರೆಯ ಪಾರಾಯಣ.

ಮಿಂದು ಊರಿಗೆ ಮರಳುವ ವೇಳೆಗೆ ನಡುಹಗಲು. ಐದು ಮನೆಗಳಲ್ಲಿ ಮಾಧುಕರಿ ಬೇಡುವುದು ಇಲ್ಲಿಯ ವಾಡಿಕೆ. ಸಿರಿವಂತನೂ ಜೋಳಿಗೆ ಹಿಡಿಯುತ್ತಾನೆ. ಗುರುಗಳು ಇಂದಿಗೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುವರೆಂದು ನಂಬಿಕೆಯಾದುದರಿಂದ ನೀಡುವವರೂ ಮುಖ ನೋಡುವುದಿಲ್ಲ. ಆದರೆ ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವ ಪತಿರಾಯರಿಗೆ ಮೊದಲ ಹೊಸ್ತಿಲಲ್ಲಿ ಕೈ ಏಳಲೊಲ್ಲದು. ಹೆಂಡತಿಯೇ ಸೆರಗೊಡ್ಡಿದಳು. ಮನೆಯ ಮುದುಕಿ ಜೋಳದ ರೊಟ್ಟಿಯ ತುಂಡನ್ನು ಹಾಕಿ, ಹಿಂದೆ ನಿಂತವರನ್ನು ಕರೆದಳು:

“ನೀವೂ ಮುಂದ ಬರ್ರಿ ಯಪ್ಪಾ. ನಿಮ್ಮ ಪಾಲು ಬ್ಯಾರೆ ಅದ.”

ಎರಡನೆಯ ಮನೆಯ ಮುಂದೆ ಅವರೇ ಮೊದಲು ನಿಂತರು. ಐದೂ ಮನೆಗಳ ರೊಟ್ಟಿ, ಪಲ್ಯ, ಅನ್ನ ಒಂದೇ ಎಲೆಯಲ್ಲಿ ಬೆರೆತವು. ಕಟ್ಟೆಯ ಮೇಲೆ ಕುಳಿತು ಇಬ್ಬರೂ ಉಂಡರು.