ಇಳಿತ ಕಾಯುತ್ತ ಕ್ಯಾಟ್ಲಿನ್ಸ್ ದಾರಿಯಲ್ಲಿ

ಸ್ಲೋಪ್ ಪಾಯಿಂಟಿನಲ್ಲಿ ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆರೆಯಬೇಕು, ಗಾಳಿ ಅಷ್ಟು ಬಿರುಸು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತೀರಾ ತೆಂಕಣ ತುದಿ ಇದು. ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿ, ಬಾಗಿದಂತೆಯೇ ಬೆಳೆದುಬಿಟ್ಟಿವೆ. ಕುರಿ ಮೇಯುವ ಹುಲ್ಲುಗಾವಲು ದಾಟಿ ಕಡಲ ಅಂಚಿಗೆ ನಡೆದರೆ ಹಳದಿ ಫಲಕವೊಂದು ನಿಂತಿದೆ: ಭೂಮಧ್ಯರೇಖೆಗೆ 5,140 ಕಿ.ಮೀ., ದಕ್ಷಿಣ ಧ್ರುವಕ್ಕೆ 4,803 ಕಿ.ಮೀ. ಜನವರಿಯ ನಡುಬೇಸಿಗೆಯಲ್ಲೂ ಕಿವಿ ಮರಗಟ್ಟುತ್ತದೆ.

ಈ ಕರಾವಳಿಯ ಹೆಸರು ಕ್ಯಾಟ್ಲಿನ್ಸ್. ಅಕ್ಕಿ, ತರಕಾರಿ, ಡೀಸೆಲ್ ಎಲ್ಲವನ್ನೂ ಓವಾಕಾ ಊರಿನಲ್ಲೇ ತುಂಬಿಸಿಕೊಂಡು ಬಂದಿದ್ದೇವೆ. ನಮ್ಮಲ್ಲಿಯಂತೆ ಇಲ್ಲೂ ಎಡಬದಿಯ ಓಡಾಟ, ಆದ್ದರಿಂದ ಸ್ಟಿಯರಿಂಗ್ ಹಿಡಿಯಲು ಅಂಜಿಕೆಯಿಲ್ಲ.

ಮಧ್ಯಾಹ್ನ ಕ್ಯೂರಿಯೋ ಬೇ. ಎತ್ತರದ ಹಾರಕೆಕೆ ಪೊದೆಗಳ ಮರೆಯಲ್ಲಿ ವ್ಯಾನ್ ನಿಲ್ಲಿಸಿ, ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡಿಕೊಂಡು, ನೀರು ಇಳಿಯುವುದನ್ನೇ ಕಾಯುತ್ತೇವೆ. ಇಳಿತವಾದಂತೆ ಬಂಡೆಹಾಸಿನ ಮೇಲೆ ಒಂದೊಂದಾಗಿ ಮರದ ಬೊಡ್ಡೆಗಳು ಮೇಲೇಳುತ್ತವೆ. ಬಗ್ಗಿ ಮುಟ್ಟಿದರೆ ತಣ್ಣನೆಯ ಕಲ್ಲು. ಕಣ್ಣಿಗೆ ಮಾತ್ರ ಕಡಿದ ಮರದ ಉಂಗುರಗಳು, ತೊಗಟೆಯ ಗೆರೆಗಳು. ಸುಮಾರು 18 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಕೆಸರು ಇಲ್ಲಿನ ಕಾಡನ್ನು ಹೂತುಹಾಕಿತು. ನೀರಿನಲ್ಲಿ ಕರಗಿದ್ದ ಸಿಲಿಕಾ ಮರದೊಳಗೆ ಇಳಿದು ಅದನ್ನು ಕಲ್ಲಾಗಿಸಿತು. ಆಗ ಈ ನೆಲವೂ ನಮ್ಮ ಭಾರತವೂ ಗೊಂಡ್ವಾನಾ ಎಂಬ ಒಂದೇ ಭೂಖಂಡದ ಭಾಗಗಳು. ಆ ಬೊಡ್ಡೆಯ ಮೇಲೆ ಕೈಯಿಟ್ಟಾಗ ದೂರದ ದೇಶಕ್ಕೆ ಬಂದಿದ್ದೇನೆ ಅನ್ನಿಸುವುದಿಲ್ಲ.

ಸಂಜೆಯಾಗುವ ಮೊದಲೇ ಬಂಡೆ ಬಿಟ್ಟು ಮೇಲೆ ಬಂದುಬಿಡಬೇಕು. ಹೊಯ್‌ಹೊ ಬರುವ ಹೊತ್ತು ಅದು. ಹಳದಿ ಕಣ್ಣಿನ ಈ ಪೆಂಗ್ವಿನ್ ಜಗತ್ತಿನ ಅತಿ ವಿರಳ ಪೆಂಗ್ವಿನ್‌ಗಳಲ್ಲೊಂದು. ಇಲ್ಲಿನ ಐದು ಡಾಲರ್ ನೋಟಿನ ಮೇಲೂ ಅದರ ಚಿತ್ರವಿದೆ. ಅಲೆಯೊಂದು ಒಡೆದು ಹಿಂದೆ ಸರಿದಾಗ, ಜೋಲಾಡುವ ಕಡಲಪಾಚಿಯ ನಡುವೆ ಒಂದು ಹಕ್ಕಿ ನಿಂತಿರುವುದು ಕಾಣುತ್ತದೆ. ತಲೆಯ ಸುತ್ತ ಹಳದಿ ಪಟ್ಟಿ, ಎದೆ ಅಚ್ಚ ಬಿಳಿ. ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ರೆಕ್ಕೆಗಳನ್ನು ಅಗಲಿಸುತ್ತದೆ, ಎರಡೂ ಬದಿ ನೋಡುತ್ತದೆ. ನಮ್ಮ ಪಕ್ಕದ ಹುಡುಗಿಯೊಬ್ಬಳು ಉಸಿರು ಬಿಗಿಹಿಡಿದು ಅಪ್ಪನ ತೋಳನ್ನು ಅದುಮುತ್ತಾಳೆ. ಯಾರೂ ಮುಂದಕ್ಕೆ ಸರಿಯುವುದಿಲ್ಲ. 50 ಮೀಟರ್ ದೂರ ಇರಬೇಕೆಂಬ ನಿಯಮಕ್ಕೆ ಕಾರಣವಿದೆ: ದಾರಿಯಲ್ಲಿ ಮನುಷ್ಯ ಕಂಡರೆ ತಾಯಿ ಹಕ್ಕಿ ದಡಕ್ಕೆ ಬರದೆ ನೀರಿನಲ್ಲೇ ಉಳಿಯುತ್ತದೆ, ಪೊದೆಯೊಳಗಿನ ಮರಿ ಹಸಿದುಕೊಂಡೇ ಇರುತ್ತದೆ. ಮೀನುಬಲೆ, ರೋಗ, ಆಹಾರದ ಕೊರತೆಗಳಿಂದ ದಕ್ಷಿಣ ದ್ವೀಪದಲ್ಲಿ ಇವು ಈಗಾಗಲೇ ಬಹಳ ಕಡಿಮೆಯಾಗಿವೆ. ಒಳ್ಳೆಯ ಫೋಟೊಗಾಗಿ ಕೆಳಗಿಳಿಯುವವನು ಮಾಡುವುದು ಸಣ್ಣ ತಪ್ಪಲ್ಲ.

ಬೆಳಿಗ್ಗೆ ಪಕ್ಕದ ಪೋರ್ಪಸ್ ಬೇಯಲ್ಲಿ ಹೆಕ್ಟರ್ ಡಾಲ್ಫಿನ್‌ಗಳು. ಬೆನ್ನಿನ ರೆಕ್ಕೆ ದುಂಡಗಿದೆ, ಗುರುತು ಸುಲಭ. ದೇಹ ಒಂದೂವರೆ ಮೀಟರಿನಷ್ಟೇ. ಕಾಫಿ ಲೋಟ ಹಿಡಿದು ಮರಳಿನ ಮೇಲೆ ಕೂತವರಿಗೂ ಕಾಣುವಷ್ಟು ದಡದ ಹತ್ತಿರ ಈಜುತ್ತವೆ.

ಸೂರತ್ ಬೇಯಲ್ಲಿ ಮರದ ದಿಮ್ಮಿ ಅಂದುಕೊಂಡದ್ದು ಮಿಸುಕುತ್ತದೆ. ಕಡಲಸಿಂಹ! ನಿದ್ದೆಯಲ್ಲೇ ಮರಳನ್ನು ಬೆನ್ನಿಗೆ ಎರಚಿಕೊಳ್ಳುತ್ತದೆ. 1874ರಲ್ಲಿ ಇಲ್ಲಿ ಒಡೆದ ವಲಸಿಗರ ಹಡಗು ‘ಸೂರತ್’ ಈ ಕೊಲ್ಲಿಗೆ ಹೆಸರು ಕೊಟ್ಟಿದೆ. ಕಡಲಸಿಂಹದಿಂದ 20 ಮೀಟರ್ ಬಿಟ್ಟು ಸುತ್ತುಹಾಕಿ ನಡೆಯುತ್ತೇವೆ.

ಕ್ಯಾಟ್ಲಿನ್ಸ್‌ಗೆ ಹೊರಡುವವರು ಒಂದೇ ದಿನ ಇಟ್ಟುಕೊಂಡು ಬರಬೇಡಿ. ಕೆಥೀಡ್ರಲ್ ಕೇವ್ಸ್ ಎಂಬ ಕಡಲಗುಹೆಗೆ ಹೋಗಲು ಇಳಿತದ ಆಚೀಚೆ ಎರಡೆರಡು ಗಂಟೆ ಮಾತ್ರ ಸಮಯ. ಮೊದಲು ಉಬ್ಬರ–ಇಳಿತದ ಪಟ್ಟಿ ನೋಡಿ, ಆಮೇಲೆ ತಂಗುವ ಜಾಗ ಕಾದಿರಿಸಿ. ದುರ್ಬೀನು ಮರೆಯದೆ ತನ್ನಿ. ಅದಿದ್ದರೆ ಯಾವ ಪ್ರಾಣಿಯ ಹತ್ತಿರಕ್ಕೂ ಹೋಗುವ ಅಗತ್ಯ ಬೀಳುವುದಿಲ್ಲ.