ಪೆಟ್ಟಿಗೆಯ ಮೇಲೆ ‘ಆಟಿಕೆ’ ಎಂದಿದ್ದರೆ ಸಾಕೇ?

ಸಹೋದರಿಯರೇ, ಈದ್ ಕಳೆದ ಮರುದಿನ ನಮ್ಮ ಮಕ್ಕಳ ಜೇಬು ತುಂಬಿರುತ್ತದೆ. ದಾದಾ ಕೊಟ್ಟ ಈದಿ, ಮಾಮು ಕೊಟ್ಟ ಈದಿ, ಸೌದಿಯಿಂದ ಬಂದ ಚಾಚಾ ಕೊಟ್ಟ ಈದಿ. ಹೆಣ್ಣುಮಕ್ಕಳ ಹಣ ಬಳೆ, ಕ್ಲಿಪ್ಪುಗಳಿಗೆ ಹೋದರೆ ಹುಡುಗರ ಹಣ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತೇ ಇದೆ. ಬಂದೂಕಿಗೆ! ನಮ್ಮ ಕಾಲದಲ್ಲಿ ಅದು ಟಪ್ ಟಪ್ ಎಂದು ಸದ್ದು ಮಾಡುವ ತಗಡಿನ ಪಿಸ್ತೂಲು. ಆಮೇಲೆ ಹಳದಿ ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲು ಬಂತು. ಈಗ ಬಂದಿರುವುದರ ಹೆಸರು ಏರ್‌ಸಾಫ್ಟ್ ಗನ್.

ನಮ್ಮ ಮನ್ನಾಏಖೇಳ್ಳಿ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ಹಿಂದೆ ಇಂಥ ವಸ್ತು ಬೇಕೆಂದರೆ ಹುಮನಾಬಾದಿಗೋ ಬೀದರಿಗೋ ಹೈದರಾಬಾದಿಗೋ ಹೋಗಬೇಕಿತ್ತು. ಜೊತೆಗೆ ಹಿರಿಯರೊಬ್ಬರು ಇರುತ್ತಿದ್ದರು, ಬೇಡ ಎನ್ನುತ್ತಿದ್ದರು. ಈಗ ಹಾಗಲ್ಲ. ಹುಡುಗ ಮೊಬೈಲ್ ಒತ್ತುತ್ತಾನೆ, ಪಾರ್ಸೆಲ್ ಬಾಗಿಲಿಗೆ ಬರುತ್ತದೆ. ಬಾಗಿಲು ತೆರೆಯುವವರು ನಾವು. ಹಣ ಎಣಿಸಿ ಕೊಡುವವರೂ ನಾವೇ. ಆದ್ದರಿಂದ ಈ ವಿಷಯ ಗಂಡಸರಿಗೆ ಬಿಟ್ಟಿದ್ದು ಎಂದು ನಾವು ಸುಮ್ಮನಿರುವಂತಿಲ್ಲ.

ನನ್ನ ಅಕ್ಕನ ಮಗನಿಗೆ ಹದಿನೈದು ವರ್ಷ. ಈ ಸಲ ಅವನು ಮೊಬೈಲ್ ತೋರಿಸಿ, “ಖಾಲಾ, ಇದು ಆಟಿಕೆ ಅಷ್ಟೇ. ಲೈಸೆನ್ಸ್ ಬೇಕಿಲ್ಲ ಅಂತ ಬರೆದಿದ್ದಾರೆ ನೋಡಿ” ಎಂದ. ಚಿತ್ರದಲ್ಲಿದ್ದದ್ದು ಪೊಲೀಸರ ಸೊಂಟದಲ್ಲಿರುವಂಥದ್ದೇ ಕಪ್ಪು ಪಿಸ್ತೂಲು! ಅಕ್ಕ ನನ್ನತ್ತ ತಿರುಗಿ, “ನೀನು ಓದಿದವಳು, ನೀನೇ ಹೇಳು” ಎಂದಳು. ಬೇಕು, ಬೇಡ ಎಂದು ಬಾಯಿಮಾತಿನಲ್ಲಿ ಹೇಳಿದರೆ ಈ ವಯಸ್ಸಿನ ಹುಡುಗರು ಕೇಳುವುದಿಲ್ಲ. ಅದಕ್ಕಾಗಿ ಕಾನೂನು ಏನು ಹೇಳುತ್ತದೆಂದು ನಾನೇ ಓದಿದೆ. ಅರ್ಥವಾಗದ ಕಡೆ ಹುಮನಾಬಾದಿನಲ್ಲಿ ವಕೀಲರಾಗಿರುವ ನಮ್ಮ ಬಂಧುವೊಬ್ಬರನ್ನು ಕೇಳಿದೆ. ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಕಾನೂನು ಹೆಸರು ನೋಡುವುದಿಲ್ಲ

ನಮ್ಮ ದೇಶದಲ್ಲಿ ಬಂದೂಕಿನ ವಿಷಯಕ್ಕೆ ಇರುವುದು 1959ರ ಆಯುಧ ಕಾಯ್ದೆ. ಮದ್ದು ಸಿಡಿದು ಗುಂಡು ಹಾರುವುದು ಮಾತ್ರ ಬಂದೂಕು ಎಂದು ನಾವು ತಿಳಿದಿದ್ದೇವೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ಫೋಟಕದಿಂದಾಗಲಿ ಬೇರೆ ಯಾವುದೇ ಬಗೆಯ ಶಕ್ತಿಯಿಂದಾಗಲಿ ಗುಂಡು ಹಾರಿಸಲು ಮಾಡಿದ ಆಯುಧವೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಗಾಳಿ, ಸ್ಪ್ರಿಂಗು, ಗ್ಯಾಸು ಎಲ್ಲವೂ ಆ ‘ಬೇರೆ ಶಕ್ತಿ’ಯೇ ಅಲ್ಲವೇ?

ಹಾಗಾದರೆ ಏರ್‌ಗನ್ನಿಗೆಲ್ಲ ಲೈಸೆನ್ಸ್ ಬೇಕೇ? ಬೇಕಿಲ್ಲ. 2016ರ ಜುಲೈಯಲ್ಲಿ ಬಂದ ಆಯುಧ ನಿಯಮಗಳು ಒಂದು ಗೆರೆ ಎಳೆದಿವೆ. ಗುಂಡಿನ ಶಕ್ತಿ 20 ಜೂಲ್ ದಾಟಿದರೆ ಅಥವಾ ನಳಿಗೆಯ ಒಳ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ದಾಟಿದರೆ ಆ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಕು. ಎರಡೂ ಅಳತೆಗಳು ಗೆರೆಯೊಳಗಿದ್ದರೆ ಬೇಕಿಲ್ಲ. ಜಾತ್ರೆಯಲ್ಲಿ ಬಲೂನು ಹೊಡೆಯಲು ಕೊಡುವ ಏರ್‌ಗನ್ ಸಾಮಾನ್ಯವಾಗಿ ಈ 4.5 ಮಿಲಿಮೀಟರಿನದು.

ಏರ್‌ಸಾಫ್ಟ್ ಗನ್ನಿನ ಗುಂಡು ಪ್ಲಾಸ್ಟಿಕ್ಕಿನದು, ಹಗುರ. ಶಕ್ತಿಯೂ ಒಂದು ಜೂಲಿನ ಆಸುಪಾಸು ಮಾತ್ರ. ಆದರೆ ಆ ಗುಂಡಿನ ಗಾತ್ರ 6 ಮಿಲಿಮೀಟರ್! ನಳಿಗೆ ಅದಕ್ಕಿಂತ ಚಿಕ್ಕದಾಗಿರಲು ಸಾಧ್ಯವೇ? ಶಕ್ತಿಯ ಲೆಕ್ಕದಲ್ಲಿ ಗೆರೆಯಿಂದ ಎಷ್ಟೋ ಕೆಳಗಿರುವ ವಸ್ತು ಅಳತೆಯ ಲೆಕ್ಕದಲ್ಲಿ ಗೆರೆ ದಾಟಿಬಿಡುತ್ತದೆ. ‘ಏರ್‌ಗನ್ನಿಗೆ ಲೈಸೆನ್ಸ್ ಬೇಡ’ ಎಂಬ ಅಂಗಡಿಯವನ ಮಾತು 4.5 ಮಿಲಿಮೀಟರಿನದಕ್ಕೆ ಸಲ್ಲುತ್ತದೆ. ಅದನ್ನೇ ಏರ್‌ಸಾಫ್ಟಿಗೂ ಅಂಟಿಸಿ ಮಾರಿದರೆ ಕೊಂಡವರಿಗೆ ಅದು ರಕ್ಷಣೆಯಾಗದು. ಲೈಸೆನ್ಸ್ ಬೇಕಾದ ಬಂದೂಕನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 2 ವರ್ಷ. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಲೈಸೆನ್ಸೂ ಸಿಗುವುದಿಲ್ಲ.

“ಕೊಡಗಿನವರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುತ್ತಾರಲ್ಲ?” ಎಂದು ಹುಡುಗ ಕೇಳಿದ. ನಿಜ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಹಿಂದಿನಿಂದ ಬಂದ ವಿನಾಯಿತಿ ಅದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ, 2029ರ ಅಕ್ಟೋಬರ್‌ವರೆಗೆ ಅದು ಇದೆ. ಆದರೆ ಅದು ಅವರಿಗೆ ಮಾತ್ರ. ನಮ್ಮ ಬೀದರ್ ಜಿಲ್ಲೆಗೆ ಅನ್ವಯಿಸದು.

ಗಲ್ಫಿನಿಂದ ತರುವವರಿಗೆ

ನಮ್ಮ ಭಾಗದ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. “ಅಬ್ಬಾ, ಬರುವಾಗ ಅಲ್ಲಿಂದ ತನ್ನಿ” ಎಂದು ಮಕ್ಕಳು ಫೋನಿನಲ್ಲಿ ಹಟ ಹಿಡಿಯುತ್ತಾರೆ. ಸಹೋದರಿಯರೇ, ಹೊರದೇಶದಿಂದ ಆಯುಧ ತರಲು ಕಾಯ್ದೆಯ 10ನೇ ಕಲಮಿನಂತೆ ಬೇರೆಯೇ ಲೈಸೆನ್ಸ್ ಬೇಕು. ವಿಮಾನದ ಕೈಚೀಲದಲ್ಲಂತೂ ಬಂದೂಕಿನಂತೆ ಕಾಣುವ ಆಟಿಕೆಯನ್ನೂ ಬಿಡುವುದಿಲ್ಲ. ಎರಡು ವರ್ಷ ದುಡಿದು ಮನೆಗೆ ಬರುವ ಮನುಷ್ಯ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಮುಂದೆ ಪೆಟ್ಟಿಗೆ ಬಿಚ್ಚಿ ನಿಲ್ಲಬೇಕೇ? ಬೇಡವೆಂದು ಮೊದಲೇ ತಿಳಿಸಿಬಿಡಿ.

ನೋಡುವವರ ಕಣ್ಣಿಗೆ

ಇನ್ನೊಂದು ಮಾತಿದೆ. ತಾಯಂದಿರು ಬಾಯಿ ಬಿಟ್ಟು ಹೇಳದಿದ್ದರೂ ಒಳಗೊಳಗೆ ಹೆದರುವುದು ಇದಕ್ಕೇ. ದೂರದಿಂದ ನೋಡುವವರಿಗೆ ಅದು ಆಟಿಕೆಯೋ ಅಸಲಿಯೋ ತಿಳಿಯುವುದಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 2014ರ ನವೆಂಬರಿನಲ್ಲಿ ತಮೀರ್ ರೈಸ್ ಎಂಬ ಕಪ್ಪು ವರ್ಣದ ಹುಡುಗ ಪಾರ್ಕಿನಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸ್ ಕಾರು ಬಂದು ನಿಂತ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿತು. ಮರುದಿನ ಹುಡುಗ ತೀರಿಕೊಂಡ. ಅವನಿಗೆ ಆಗ ಹನ್ನೆರಡೇ ವರ್ಷ! ಇಂಥ ಪಿಸ್ತೂಲಿನ ತುದಿಗೆ ಕಿತ್ತಳೆ ಬಣ್ಣ ಇರಲೇಬೇಕೆಂದು ಆ ದೇಶದಲ್ಲಿ ಕಾನೂನಿದೆ. ಅವನ ಕೈಯಲ್ಲಿದ್ದ ಪಿಸ್ತೂಲಿನ ತುದಿಯಲ್ಲಿ ಅದು ಇರಲಿಲ್ಲ.

ನಮ್ಮ ಹುಡುಗರು ಇಂಥದ್ದನ್ನು ಹಿಡಿದು ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಹುಡುಗನಿಗೆ ಅದು ಸ್ಟೈಲು. ಅದೇ ಫೋಟೊ ಹತ್ತು ಮೊಬೈಲು ದಾಟಿ ಗುರುತಿಲ್ಲದವರ ಕೈ ಸೇರಿದಾಗ ಅದರ ಕೆಳಗೆ ಯಾವ ಕಥೆ ಬರೆಯುತ್ತಾರೆ? ‘ಅದು ಪ್ಲಾಸ್ಟಿಕ್ಕಿನದು ಸಾರ್’ ಎಂದು ಠಾಣೆಯಲ್ಲಿ ಕುಳಿತು ವಿವರಿಸಬೇಕಾದವರು ಅವನ ಅಬ್ಬಾ. ನಮ್ಮ ಮಕ್ಕಳ ಹೆಸರು ಕೇಳಿದೊಡನೆ ಅನುಮಾನಪಡುವ ಜನರೂ ಇರುವ ಕಾಲವಿದು. ನಾವು ಇನ್ನಷ್ಟು ಎಚ್ಚರವಾಗಿರುವುದು ಹೇಡಿತನವಲ್ಲ, ವಿವೇಕ.

ಕಣ್ಣಿನ ಬೆಲೆ

ಕಾನೂನನ್ನು ಬದಿಗಿಡಿ. ಒಂದು ಜೂಲ್ ಎಂದರೆ ಚರ್ಮಕ್ಕೆ ಚುರುಕ್ ಎನ್ನುವಷ್ಟು. ಅದೇ ಗುಂಡು ಕಣ್ಣಿಗೆ ಬಿದ್ದರೆ? ಕಣ್ಣಿನೊಳಗೆ ರಕ್ತ ತುಂಬಬಹುದು, ಮಸೂರಕ್ಕೆ ಪೆಟ್ಟಾಗಿ ಚಿಕ್ಕ ವಯಸ್ಸಿಗೇ ಪೊರೆ ಬರಬಹುದು, ವರ್ಷಗಳ ನಂತರ ಕಣ್ಣಿನ ಒತ್ತಡ ಏರಿ ದೃಷ್ಟಿ ಕುಂದಬಹುದು. ಈದ್ ದಿನಗಳಲ್ಲಿ ಆಟಿಕೆ ಬಂದೂಕಿನಿಂದ ಕಣ್ಣು ನೋಯಿಸಿಕೊಂಡ ಮಕ್ಕಳು ಆಸ್ಪತ್ರೆಗೆ ಬರುವುದನ್ನು ಇರಾಕಿನಂಥ ದೇಶಗಳ ವೈದ್ಯರು ಕಂಡಿದ್ದಾರೆ. ಹಬ್ಬದ ಸಂತೋಷ ಹೀಗೆ ಮುಗಿಯಬೇಕೇ?

ಪ್ರವಾದಿ ಮುಹಮ್ಮದ್(ಸ)ರು ಬೆರಳಿನಿಂದ ಕಲ್ಲು ಚಿಮ್ಮಿಸುವ ಆಟವನ್ನು ತಡೆದಿದ್ದರು. ಅದರಿಂದ ಬೇಟೆಯೂ ಆಗದು, ಶತ್ರುವೂ ಸೋಲನು, ಆದರೆ ಕಣ್ಣು ಹೋಗಬಹುದು, ಹಲ್ಲು ಮುರಿಯಬಹುದು ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಈ ಹದೀಸನ್ನು ನಾನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಏರ್‌ಸಾಫ್ಟ್ ಗುಂಡಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಅಕಸ್ಮಾತ್ ಯಾವ ಮಗುವಿನ ಕಣ್ಣಿಗಾದರೂ ಇಂಥ ಗುಂಡು ತಗುಲಿದರೆ ಉಜ್ಜಬೇಡಿ, ಒತ್ತಬೇಡಿ, ಮನೆಮದ್ದು ಹಾಕಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮೇಲೆ ಮುಚ್ಚಿ ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ನೋವು ಇಳಿಯಿತೆಂದು ಮರುದಿನಕ್ಕೆ ತಳ್ಳಬೇಡಿ.

ಹಾಗಾದರೆ ಏನು ಮಾಡೋಣ?

ಬೇಡ ಎಂದಷ್ಟೇ ಹೇಳಿದರೆ ಹುಡುಗರು ಕದ್ದು ತರಿಸುತ್ತಾರೆ. ಗುರಿ ಇಡುವ ಆಸೆ ಕೆಟ್ಟದ್ದಲ್ಲ. ಅದಕ್ಕೆ ಸರಿಯಾದ ದಾರಿಯಿದೆ. 4.5 ಮಿಲಿಮೀಟರಿನ ಗಾಳಿ ಬಂದೂಕಿನಲ್ಲೇ ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎಂಬ ಹೆಣ್ಣುಮಗಳು ಗಾಳಿ ಪಿಸ್ತೂಲಿನಲ್ಲಿ ಎರಡು ಕಂಚು ತಂದಳು. ಆ ಆಟ ನಡೆಯುವುದು ಗೋಡೆಯೊಳಗೆ, ತರಬೇತುದಾರರ ಕಣ್ಣೆದುರು, ಕಾಗದದ ಗುರಿಯ ಮೇಲೆ. ಮಗನಾಗಲಿ ಮಗಳಾಗಲಿ ಮನಸ್ಸಿದ್ದರೆ ಅಲ್ಲಿಗೆ ಕಳುಹಿಸಿ. ಮರದ ಮೇಲಿನ ಗಿಳಿ, ಹೊಲದ ನವಿಲಿನತ್ತ ಗುರಿ ಇಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ಬೇರೆ ಎಂಬುದನ್ನೂ ತಿಳಿಸಿ.

ಚಿಕ್ಕ ಮಕ್ಕಳಿಗೆ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಪೆಟ್ಟಿಗೆಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಅಥವಾ ‘18 ವರ್ಷ ಮೇಲ್ಪಟ್ಟವರಿಗೆ’ ಎಂದು ಸಣ್ಣಕ್ಷರದಲ್ಲಿ ಇದ್ದರೆ ಅದು ಮಕ್ಕಳ ಆಟಿಕೆಯಲ್ಲ ಎಂದು ಮಾರುವವರೇ ಒಪ್ಪಿಕೊಂಡಂತೆ.

ಅಕ್ಕನ ಮನೆಯಲ್ಲಿ ಈದಿಯ ಹಣಕ್ಕೆ ಒಂದು ಕ್ಯಾರಂ ಬೋರ್ಡು ಬಂದಿದೆ. ಹುಡುಗನ ಮುಖ ಎರಡು ದಿನ ಊದಿಕೊಂಡಿತ್ತು, ನಿಜ. ಮೂರನೆಯ ದಿನ ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ಸೇರಿದ್ದರು.

ನಿಮ್ಮ ಬಾಗಿಲಿಗೂ ಇಂಥ ಪಾರ್ಸೆಲ್ ಬರಬಹುದು. ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಗುಂಡಿನ ಅಳತೆ ಎಷ್ಟು? ದೂರದಿಂದ ಅಸಲಿಯಂತೆ ಕಾಣುತ್ತದೆಯೇ? ಪಕ್ಕದ ಮನೆಯ ಮಗುವಿನ ಕಣ್ಣಿಗೆ ತಗುಲಿದರೆ ಏನಾದೀತು? ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಪಾರ್ಸೆಲ್ಲನ್ನು ಬಿಚ್ಚದೆ ಹಿಂದಕ್ಕೆ ಕಳುಹಿಸಿಬಿಡಿ.